‘ಅದು’ ಅನ್ನಬೇಕೋ, ‘ಅವನು’ ಅನ್ನಬೇಕೋ? ಫ್ರಾಂಕೆನ್‌ಸ್ಟೈನ್: ಪುಸ್ತಕ ಮತ್ತು ಸಿನಿಮಾ

ಫ್ರಾಂಕೆನ್‌ಸ್ಟೈನ್ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಒಂದು ತೊಡಕು. ಹೆಣಗಳ ತುಂಡು ಜೋಡಿಸಿ ಮಾಡಿದ ಆ ಜೀವಿಯನ್ನು ‘ಅದು’ ಅನ್ನಬೇಕೋ, ‘ಅವನು’ ಅನ್ನಬೇಕೋ? ಸುಮ್ನೆ ವ್ಯಾಕರಣದ ಪ್ರಶ್ನೆ ಅಂದುಕೊಳ್ಳಬೇಡಿ. ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಕಾದಂಬರಿಗೂ, ಜೇಮ್ಸ್ ವೇಲ್ 1931ರಲ್ಲಿ ನಿರ್ದೇಶಿಸಿದ ಸಿನಿಮಾಕ್ಕೂ ಇರುವ ಅಂತರದ ಬಹುಪಾಲು ಈ ಪ್ರಶ್ನೆಯೊಳಗೇ ಇದೆ.

ಇಂಗ್ಲಿಷಿನಲ್ಲೂ ಇದೇ ತೊಡಕು. ಕಾದಂಬರಿಯಲ್ಲಿ ಜೀವ ಬರುವ ಆ ನವೆಂಬರ್ ರಾತ್ರಿ, ಜೀವಿ ಕಣ್ಣು ತೆರೆದು ಜೋರಾಗಿ ಉಸಿರೆಳೆದಾಗ, ಅದನ್ನು ಮಾಡಿದ ವಿಕ್ಟರ್ ಫ್ರಾಂಕೆನ್‌ಸ್ಟೈನ್ ‘ಅದು’ ಎಂದೇ ಹೇಳುತ್ತಾನೆ. ಹೆದರಿ ಮಲಗುವ ಕೋಣೆಗೆ ಓಡುತ್ತಾನೆ. ಸ್ವಲ್ಪ ಹೊತ್ತಿಗೆ ಹಾಸಿಗೆಯ ಪರದೆ ಎತ್ತಿ ಯಾರೋ ತನ್ನನ್ನೇ ನೋಡುತ್ತಿರುವುದು ಕಾಣುತ್ತದೆ. ಅಷ್ಟರಲ್ಲಿ ಅವನ ಬಾಯಲ್ಲೇ ‘ಅದು’ ಹೋಗಿ ‘ಅವನು’ ಬಂದಿರುತ್ತದೆ. ಸಿನಿಮಾದಲ್ಲಿ ಕೈ ಅಲುಗಿದ ಕೂಡಲೇ ಡಾಕ್ಟರ್ ಹುಚ್ಚು ಹಿಡಿದವನಂತೆ ಕೂಗುವುದು ಏನು? ಅದಕ್ಕೆ ಜೀವ ಬಂತು, ಅದಕ್ಕೆ ಜೀವ ಬಂತು!

ಪುಸ್ತಕ ಮತ್ತು ಸಿನಿಮಾ ಹೋಲಿಸುವಾಗ ನಾವು ಸಾಮಾನ್ಯವಾಗಿ ಒಂದು ಪಟ್ಟಿ ಹಿಡಿದು ಕೂರುತ್ತೇವೆ. ಈ ಪಾತ್ರ ಬಿಟ್ಟರು, ಆ ಘಟನೆ ಬದಲಿಸಿದರು, ಕೊನೆ ಹಾಳು ಮಾಡಿದರು ಅಂತ. ಫ್ರಾಂಕೆನ್‌ಸ್ಟೈನ್ ವಿಷಯದಲ್ಲಿ ಆ ಪಟ್ಟಿ ಎಷ್ಟು ಉದ್ದ ಆಗುತ್ತದೆ ಅಂದರೆ, ಎರಡೂ ಒಂದೇ ಕತೆಯಾ ಎಂಬ ಅನುಮಾನ ಬರುತ್ತದೆ. ಅದಕ್ಕಿಂತ ಒಂದೇ ಒಂದು ಬದಲಾವಣೆಯನ್ನು ಹಿಡಿದು ಎಳೆಯೋಣ. ಕಾದಂಬರಿಯಲ್ಲಿ ಆ ಜೀವಿ ಮಾತಾಡುತ್ತಾನೆ. ಅದೂ ಎಂಥ ಮಾತು! ಕತೆಯಲ್ಲಿ ಅವನಷ್ಟು ಚೆನ್ನಾಗಿ ಮಾತಾಡುವವರು ಇನ್ನೊಬ್ಬರಿಲ್ಲ. ಸಿನಿಮಾದಲ್ಲಿ ಅವನಿಗೆ ಒಂದು ಪದವೂ ಇಲ್ಲ. ಗೊರಗೊರ ಸದ್ದು, ನರಳಾಟ, ಅಷ್ಟೆ. ಈ ದಾರ ಎಳೆದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಫ್ರಾಂಕೆನ್‌ಸ್ಟೈನ್ ಎಂಬುದು ಮಾಡಿದವನ ಹೆಸರು, ಮಾಡಲ್ಪಟ್ಟವನದಲ್ಲ. ಕಾದಂಬರಿಯಲ್ಲಿ ಆ ಜೀವಿಗೆ ಹೆಸರೇ ಇಲ್ಲ. ಹೆಸರಿಡುವುದು ಅಪ್ಪನ ಕೆಲಸ, ಅಪ್ಪ ಮೊದಲ ರಾತ್ರಿಯೇ ಓಡಿಹೋದ. ಇನ್ನು, ವಿಕ್ಟರ್ ಡಾಕ್ಟರ್ ಕೂಡ ಅಲ್ಲ, ಇಂಗೋಲ್‌ಸ್ಟಾಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಡಾಕ್ಟರ್ ಪಟ್ಟ ಆಮೇಲೆ ಬಂದದ್ದು. ಸಿನಿಮಾದಲ್ಲಿ ಅವನ ಹೆಸರು ಹೆನ್ರಿ, ಅವನ ಗೆಳೆಯನ ಹೆಸರು ವಿಕ್ಟರ್ ಮೊರಿಟ್ಜ್. ಕಾದಂಬರಿಯಲ್ಲಿ ಮೊರಿಟ್ಜ್ ಎಂಬುದು ಜಸ್ಟೀನ್ ಎಂಬ ಹುಡುಗಿಯ ಮನೆತನದ ಹೆಸರು. ಮಾಡದ ಕೊಲೆಗೆ ಅವಳನ್ನು ಗಲ್ಲಿಗೆ ಹಾಕುತ್ತಾರೆ. ಸಿನಿಮಾದಲ್ಲಿ ಅವಳಿಲ್ಲ, ಹೆಸರಿನ ಬಾಲ ಮಾತ್ರ ಯಾರದೋ ಹಿಂದೆ ಉಳಿದುಕೊಂಡಿದೆ.

ಕಿವಿಗೆ ಬರೆದ ಕತೆ

1816ರ ಬೇಸಿಗೆ. ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದರ ಬೂದಿ ಮತ್ತು ಹೊಗೆಯಿಂದ ಯುರೋಪಿನಲ್ಲಿ ಆ ವರ್ಷ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯಲ್ಲಿ ಕವಿ ಬೈರನ್ ಒಂದು ಬಂಗಲೆ ಬಾಡಿಗೆಗೆ ಹಿಡಿದಿದ್ದ. ಹತ್ತಿರದಲ್ಲೇ ಇದ್ದವರು ಕವಿ ಪರ್ಸಿ ಶೆಲ್ಲಿ, ಅವನ ಜೊತೆ ಮನೆ ಬಿಟ್ಟು ಬಂದಿದ್ದ ಮೇರಿ, ಮೇರಿಯ ಮಲತಂಗಿ ಕ್ಲೇರ್. ಬೈರನ್ನನ ವೈದ್ಯ ಪೊಲಿಡೋರಿಯೂ ಇದ್ದ. ಮಳೆ ನಿಲ್ಲುತ್ತಿಲ್ಲ, ಹೊರಗೆ ಹೋಗುವ ಹಾಗಿಲ್ಲ. ಭೂತದ ಕತೆಗಳ ಪುಸ್ತಕ ಜೋರಾಗಿ ಓದುತ್ತ ಕೂತರು. ಎಲ್ಲರೂ ಒಂದೊಂದು ಕತೆ ಬರೆಯೋಣ ಅಂದ ಬೈರನ್. ಮೇರಿಗೆ ಆಗ 18 ವರ್ಷ.

ಗಮನಿಸಿ: ಈ ಕತೆ ಹುಟ್ಟಿದ್ದೇ ಕತ್ತಲಲ್ಲಿ ಕೂತು ಕೇಳಿದ ಕತೆಗಳಿಂದ. ಕಾದಂಬರಿಯ ಕಟ್ಟಡವೂ ಹಾಗೇ ಇದೆ. ಪಂಚತಂತ್ರ ಓದಿದವರಿಗೆ ಕತೆಯೊಳಗೆ ಕತೆ ಹೊಸದಲ್ಲ. ಇಲ್ಲಿ ಹೊರಗಿನ ಪದರದಲ್ಲಿ ವಾಲ್ಟನ್ ಎಂಬ ನಾವಿಕ. ಉತ್ತರ ಧ್ರುವದ ಕಡೆ ಹೊರಟು ಮಂಜಿನಲ್ಲಿ ಸಿಕ್ಕಿಬಿದ್ದು ಅಕ್ಕನಿಗೆ ಕಾಗದ ಬರೆಯುತ್ತಿದ್ದಾನೆ. ಅವನ ಹಡಗಿಗೆ ಸಾಯುವ ಸ್ಥಿತಿಯಲ್ಲಿ ಬಂದ ವಿಕ್ಟರ್ ತನ್ನ ಕತೆ ಹೇಳುತ್ತಾನೆ. ಆ ಕತೆಯ ನಟ್ಟನಡುವೆ ಜೀವಿ ತನ್ನ ಕತೆ ಹೇಳುತ್ತಾನೆ. ಹೇಳುವವರು ಮೂವರು. ಪ್ರತಿಯೊಬ್ಬನಿಗೂ ಕೇಳುವವರೊಬ್ಬರು ಇದ್ದಾರೆ.

ಜೀವಿಯ ಕತೆ ಇರುವುದು ಸರಿಯಾಗಿ ಹೊಟ್ಟೆಯ ಭಾಗದಲ್ಲಿ. ಅದನ್ನು ಓದಿದ ಮೇಲೆ ಅವನು ಬರೀ ರಾಕ್ಷಸ ಅನ್ನುವುದು ಕಷ್ಟ. ಕಾಡಿನಲ್ಲಿ ಹಸಿವು, ಚಳಿ, ಬೆಂಕಿ ಏನೆಂದು ಒಂದೊಂದಾಗಿ ಕಲಿಯುತ್ತಾನೆ. ಒಂದು ಗುಡಿಸಲಿಗೆ ಅಂಟಿಕೊಂಡ ಕೊಟ್ಟಿಗೆಯಂಥ ಜಾಗದಲ್ಲಿ ಬಚ್ಚಿಟ್ಟುಕೊಂಡು, ಗೋಡೆಯ ಸಂದಿಯಿಂದ ಒಳಗಿನ ಸಂಸಾರ ನೋಡುತ್ತ ತಿಂಗಳುಗಟ್ಟಲೆ ಕಳೆಯುತ್ತಾನೆ. ಅಲ್ಲಿ ಕುರುಡ ಮುದುಕ ಡಿ ಲೇಸಿ, ಅವನ ಮಗ ಫೀಲಿಕ್ಸ್, ಮಗಳು ಅಗಾಥಾ ಇದ್ದಾರೆ. ಇವರು ಬಡವರು ಎಂದು ತಿಳಿದಾಗ ಅವರ ಆಹಾರ ಕದಿಯುವುದನ್ನು ಬಿಡುತ್ತಾನೆ. ರಾತ್ರಿ ಹೊತ್ತು ಸೌದೆ ತಂದು ಬಾಗಿಲಲ್ಲಿ ಇಡುತ್ತಾನೆ. ದೂರದೇಶದಿಂದ ಬಂದ ಸಫೀ ಎಂಬ ಹುಡುಗಿಗೆ ಅವರು ಭಾಷೆ ಕಲಿಸುವಾಗ ಇವನೂ ಸಂದಿಯಲ್ಲಿ ಕೂತು ಕಲಿಯುತ್ತಾನೆ. ಕಾಡಿನಲ್ಲಿ ಸಿಕ್ಕ ಚೀಲದೊಳಗೆ ಮೂರು ಪುಸ್ತಕ ಇರುತ್ತವೆ: ದೇವರು ಮಾಡಿದ ಮೊದಲ ಮನುಷ್ಯ ಆಡಮ್‌ನ ಕತೆ ಹೇಳುವ ಮಿಲ್ಟನ್ನನ ಕಾವ್ಯ ಪ್ಯಾರಡೈಸ್ ಲಾಸ್ಟ್, ಪ್ಲುಟಾರ್ಕ್ ಬರೆದ ಮಹಾಪುರುಷರ ಚರಿತ್ರೆ, ಗಯಟೆಯ ಕಾದಂಬರಿ ವೆರ್ಥರ್. ಮಿಲ್ಟನ್ ಓದಿ ಅವನಿಗೆ ಅನ್ನಿಸುವುದು ಇದು: ನಾನು ಆಡಮ್ ಆಗಬೇಕಿತ್ತು, ಆದರೆ ಸ್ವರ್ಗದಿಂದ ತಳ್ಳಿಸಿಕೊಂಡ ದೇವದೂತ ಆಗಿದ್ದೇನೆ. ಆಡಮ್ಮನಿಗಾದರೂ ಅವನ ದೇವರು ಮಾತಾಡಿಸುತ್ತಿದ್ದ, ಅಲ್ವಾ?

ಕೊನೆಗೆ ಧೈರ್ಯ ಮಾಡಿ, ಮಕ್ಕಳು ಹೊರಗೆ ಹೋದಾಗ, ಕುರುಡ ಮುದುಕನ ಮುಂದೆ ಬಂದು ಕೂರುತ್ತಾನೆ. ಮುದುಕ ಅವನ ಮಾತು ಕೇಳುತ್ತಾನೆ. ನನಗೆ ಕಣ್ಣಿಲ್ಲ, ನಿನ್ನ ಮುಖ ನೋಡಿ ಅಳೆಯಲಾರೆ, ಆದರೆ ನಿನ್ನ ಮಾತಿನಲ್ಲಿ ಸತ್ಯ ಇದೆ ಅನ್ನಿಸುತ್ತದೆ ಅನ್ನುತ್ತಾನೆ. ಒಂದೆರಡು ನಿಮಿಷ ಎಲ್ಲ ಸರಿಹೋಗುತ್ತದೆ ಎಂಬ ಆಸೆ ನಮಗೂ ಹುಟ್ಟುತ್ತದೆ. ಅಷ್ಟರಲ್ಲಿ ಬಾಗಿಲು ತೆರೆಯುತ್ತದೆ. ಅಗಾಥಾ ಮೂರ್ಛೆ ಹೋಗುತ್ತಾಳೆ. ಸಫೀ ಓಡಿಹೋಗುತ್ತಾಳೆ. ಫೀಲಿಕ್ಸ್ ಕೋಲು ತೆಗೆದುಕೊಂಡು ಬಡಿಯುತ್ತಾನೆ.

ಈ ಒಂದು ದೃಶ್ಯ ಅರ್ಥವಾದರೆ ಕಾದಂಬರಿಯ ಗುಟ್ಟು ಸಿಕ್ಕಿತು. ಕೇಳಿಸಿಕೊಂಡವನು ಒಪ್ಪಿದ, ಕಣ್ಣಾರೆ ನೋಡಿದವರು ಹೊಡೆದರು. ನಾವು ಓದುಗರು ಎಲ್ಲಿದ್ದೇವೆ ಹೇಳಿ. ಪುಸ್ತಕದಲ್ಲಿ ಯಾರ ಮುಖವೂ ನಮಗೆ ಕಾಣುವುದಿಲ್ಲ. ಮಾತು ಮಾತ್ರ ಬರುತ್ತದೆ. ಅಂದರೆ ನಾವು ಆ ಕುರುಡ ಮುದುಕನ ಕುರ್ಚಿಯಲ್ಲಿ ಕೂತಿದ್ದೇವೆ.

ಇದು ನಾನು ಹೊರಗಿನಿಂದ ತಂದು ಅಂಟಿಸಿದ ಅರ್ಥವಲ್ಲ. ಮೇರಿ ಶೆಲ್ಲಿ ಬೇಕೆಂದೇ ಅಲ್ಲಲ್ಲಿ ಗುರುತು ಬಿಟ್ಟಿದ್ದಾಳೆ. ಆಲ್ಪ್ಸ್ ಪರ್ವತದ ಹಿಮನದಿಯ ಮೇಲೆ ವಿಕ್ಟರ್ ಮತ್ತು ಜೀವಿ ಎದುರಾಗುತ್ತಾರೆ. ನಿನ್ನ ಅಸಹ್ಯ ರೂಪ ನನ್ನ ಕಣ್ಣಿಂದ ತೊಲಗಿಸು ಅನ್ನುತ್ತಾನೆ ವಿಕ್ಟರ್. ಜೀವಿ ಏನು ಮಾಡುತ್ತಾನೆ ಗೊತ್ತಾ? ತನ್ನ ಕೈಗಳಿಂದ ವಿಕ್ಟರನ ಕಣ್ಣು ಮುಚ್ಚುತ್ತಾನೆ. ತಗೋ, ತೊಲಗಿಸಿದೆ, ಈಗ ನನ್ನ ಕತೆ ಕೇಳು. ನನ್ನ ಮಟ್ಟಿಗೆ ಇಡೀ ಪುಸ್ತಕದ ಅತ್ಯುತ್ತಮ ಕ್ಷಣ ಅದೇ. ಭಯವೂ ಇದೆ, ವ್ಯಂಗ್ಯವೂ ಇದೆ, ಎದೆ ಹಿಂಡುವ ಬೇಡಿಕೆಯೂ ಇದೆ. ಕೊನೆಯ ಪುಟಗಳಲ್ಲಿ, ಸತ್ತ ವಿಕ್ಟರನ ಪಕ್ಕ ನಿಂತ ಜೀವಿಯನ್ನು ನೋಡಿದ ವಾಲ್ಟನ್ ಕೂಡ ತನಗೆ ಅರಿವಿಲ್ಲದೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಆಮೇಲೇ ಅವನನ್ನು ನಿಲ್ಲು ಎಂದು ಕರೆಯುತ್ತಾನೆ.

ಹಾಗಂತ ಜೀವಿ ಪಾಪದವನು ಎಂದು ಮುದ್ದು ಮಾಡಬೇಕಾಗಿಲ್ಲ. ಅವನು ವಿಕ್ಟರನ ಪುಟ್ಟ ತಮ್ಮ ವಿಲಿಯಂನನ್ನು ಕೊಲ್ಲುತ್ತಾನೆ. ಜಸ್ಟೀನಳ ಬಟ್ಟೆಯೊಳಗೆ ಸಾಕ್ಷಿ ಇಟ್ಟು ಅವಳನ್ನು ಗಲ್ಲಿಗೆ ಕಳಿಸುತ್ತಾನೆ. ವಿಕ್ಟರನ ಗೆಳೆಯನನ್ನೂ, ಮದುವೆಯ ರಾತ್ರಿಯೇ ವಿಕ್ಟರನ ಹೆಂಡತಿ ಎಲಿಜಬೆತ್‌ಳನ್ನೂ ಕೊಲ್ಲುತ್ತಾನೆ. ಬಹುಪಾಲು ಯೋಚಿಸಿ, ಲೆಕ್ಕ ಹಾಕಿ. ಇಷ್ಟು ಚೆನ್ನಾಗಿ ಮಾತಾಡುವವನು, ಇಷ್ಟು ಓದಿದವನು, ತಿಳಿದೂ ತಿಳಿದೂ ಕೊಲ್ಲುತ್ತಾನೆ. ಅವನ ಮಾತು ನಂಬಬೇಕಾ ಬೇಡವಾ ಎಂಬ ಗೊಂದಲ ಓದುಗನ ತಲೆಯಲ್ಲಿ ಉಳಿಯುತ್ತದೆ. ವಿಕ್ಟರ್ ಸಾಯುವ ಮುಂಚೆ ವಾಲ್ಟನ್ನನಿಗೆ ಕೊಡುವ ಎಚ್ಚರಿಕೆಯೂ ಅದೇ: ಅವನ ಮಾತು ಬಲು ಚೆಂದ, ಮರುಳಾಗಬೇಡ. ಪುಸ್ತಕದ ಭಯ ಇರುವುದು ಇಲ್ಲಿ. ಭೂತ ಬಾಗಿಲ ಹಿಂದೆ ನಿಂತಿಲ್ಲ, ವಾದ ಮಾಡುತ್ತಿದೆ. ಅದರ ವಾದ ಸರಿ ಅನ್ನಿಸುತ್ತಿದೆ.

ಮಾತು ಕಳೆದುಹೋದದ್ದು ಯಾವಾಗ

ಎಲ್ಲರೂ ಹಾಲಿವುಡ್ಡನ್ನು ಬೈಯುತ್ತಾರೆ. ಆದರೆ ನಾಲಿಗೆ ಕಿತ್ತದ್ದು ಹಾಲಿವುಡ್ ಅಲ್ಲ, ರಂಗಭೂಮಿ. ಅದೂ ಲೇಖಕಿ ಬದುಕಿದ್ದಾಗಲೇ.

1823ರಲ್ಲಿ ರಿಚರ್ಡ್ ಬ್ರಿನ್ಸ್ಲಿ ಪೀಕ್ ಎಂಬಾತ ಲಂಡನ್ನಿನಲ್ಲಿ ಈ ಕತೆಯನ್ನು ನಾಟಕ ಮಾಡಿದ. ಆ ಕಾಲದ ಮೆಲೋಡ್ರಾಮಾ ಎಂದರೆ ಸಂಗೀತ ಜಾಸ್ತಿ, ಮೈಯಾಟ ಜಾಸ್ತಿ, ಮಾತಿಲ್ಲದ ಪಾತ್ರಗಳೂ ಮಾಮೂಲು. ಟಿ. ಪಿ. ಕುಕ್ ಎಂಬ ನಟ ಜೀವಿಯ ಪಾತ್ರವನ್ನು ಪೂರ್ತಿ ಮೂಕನಾಗಿ ಮಾಡಿದ. ಫ್ರಿಟ್ಜ್ ಎಂಬ ಸಹಾಯಕ ಮೊದಲು ಕಾಣಿಸಿಕೊಂಡದ್ದೂ ಈ ನಾಟಕದಲ್ಲೇ. ಕಾದಂಬರಿಯ ವಿಕ್ಟರನಿಗೆ ಸಹಾಯಕರೇ ಇಲ್ಲ. ರಂಗದ ಮೇಲೆ ಒಬ್ಬನೇ ನಿಂತು ತನ್ನಷ್ಟಕ್ಕೆ ಎಷ್ಟು ಅಂತ ಮಾತಾಡಿಕೊಳ್ಳುತ್ತಾನೆ? ಮಾತಾಡಿಸಲು ಯಾರಾದರೂ ಬೇಕಿತ್ತು, ಫ್ರಿಟ್ಜ್ ಬಂದ.

ಮೇರಿ ಶೆಲ್ಲಿ ಸ್ವತಃ ಹೋಗಿ ಆ ನಾಟಕ ನೋಡಿದಳು. ಪಾತ್ರಗಳ ಪಟ್ಟಿಯಲ್ಲಿ ಜೀವಿಯ ಹೆಸರಿರಬೇಕಾದ ಜಾಗದಲ್ಲಿ ಬರೀ ಗೆರೆ ಎಳೆದಿದ್ದರು. ಹೆಸರಿಲ್ಲದವನಿಗೆ ಹೆಸರಿಡುವ ಈ ರೀತಿ ಚೆನ್ನಾಗಿದೆ ಎಂದು ಅವಳು ಕಾಗದದಲ್ಲಿ ಬರೆದಳು. ನಾಟಕ ಓಡಿತು, ಪುಸ್ತಕಕ್ಕೂ ಹೆಸರು ಬಂತು. 1818ರಲ್ಲಿ ಲೇಖಕಿಯ ಹೆಸರಿಲ್ಲದೆ 500 ಪ್ರತಿ ಮಾತ್ರ ಅಚ್ಚಾಗಿದ್ದ ಕಾದಂಬರಿಗೆ 1823ರಲ್ಲಿ ಎರಡನೇ ಮುದ್ರಣ ಆಯಿತು, ಈ ಸಲ ಮೇರಿಯ ಹೆಸರಿನೊಂದಿಗೆ.

ಮುಂದೆ ನೂರು ವರ್ಷ ಜನರಿಗೆ ಪರಿಚಯ ಆದದ್ದು ಜಾಸ್ತಿ ನಾಟಕದ ಫ್ರಾಂಕೆನ್‌ಸ್ಟೈನ್. ಯೂನಿವರ್ಸಲ್ ಕಂಪನಿ ಸಿನಿಮಾ ಮಾಡಲು ಹೊರಟಾಗಲೂ ಕಾದಂಬರಿಯ ಜೊತೆಗೆ ಪೆಗ್ಗಿ ವೆಬ್ಲಿಂಗ್ ಬರೆದ ನಾಟಕವನ್ನು ಆಧಾರ ಮಾಡಿಕೊಂಡಿತು. ಹಾಗಾಗಿ ಸಿನಿಮಾವನ್ನು ಪುಸ್ತಕದ ಮಗು ಅನ್ನುವುದಕ್ಕಿಂತ ಮೊಮ್ಮಗು ಅನ್ನುವುದು ಸರಿ. ಸಿನಿಮಾದ ಶುರುವಿನ ಪಟ್ಟಿಯಲ್ಲಿ ರಾಕ್ಷಸನ ಪಾತ್ರಧಾರಿಯ ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆ ಇದೆ. ನೂರೆಂಟು ವರ್ಷ ಹಳೆಯ ಆ ಗೆರೆಯ ಮೊಮ್ಮಗ ಅದು. ಅದೇ ಪಟ್ಟಿಯಲ್ಲಿ ಲೇಖಕಿಯ ಹೆಸರು ಹೇಗಿದೆ ಅಂದರೆ: ಮಿಸೆಸ್ ಪರ್ಸಿ ಬಿ. ಶೆಲ್ಲಿ. ಹೆಸರಿಲ್ಲದವನ ಕತೆ ಬರೆದವಳ ಹೆಸರನ್ನೂ ನುಂಗಿಬಿಟ್ಟರು.

ಕಣ್ಣಿಗೆ ಕಟ್ಟಿದ ಕತೆ

ಈಗ ನಿರ್ದೇಶಕನ ಜಾಗದಲ್ಲಿ ನಿಂತು ಯೋಚಿಸಿ. ಕಾದಂಬರಿಯ ಉಪಾಯ ಸಿನಿಮಾದಲ್ಲಿ ನಡೆಯುವುದಿಲ್ಲ. ಪ್ರೇಕ್ಷಕನ ಕಣ್ಣು ಮುಚ್ಚಿಸಿ ಕತೆ ಕೇಳಿಸಲು ಆಗದು. ಮುಖ ಮೊದಲು ಬರುತ್ತದೆ, ಮಾತು ಆಮೇಲೆ. ಸಿನಿಮಾ ನೋಡುವವನು ಕುರುಡ ಮುದುಕನ ಕುರ್ಚಿಯಲ್ಲಿ ಅಲ್ಲ, ಫೀಲಿಕ್ಸ್‌ನ ಹಾಗೆ ಬಾಗಿಲಲ್ಲಿ ನಿಂತಿರುತ್ತಾನೆ.

ವೇಲ್ ಇದನ್ನು ಮುಚ್ಚಿಡಲು ಹೋಗಲಿಲ್ಲ. ಅದನ್ನೇ ಆಟ ಮಾಡಿದ. ರಾಕ್ಷಸ ಮೊದಲ ಸಲ ಕಾಣುವ ದೃಶ್ಯ ನೋಡಿ. ಬಾಗಿಲಲ್ಲಿ ಹೆಜ್ಜೆ ಸದ್ದು. ಅವನು ಬೆನ್ನು ತಿರುಗಿಸಿ ಒಳಗೆ ಬರುತ್ತಾನೆ. ನಿಧಾನಕ್ಕೆ ತಿರುಗುತ್ತಾನೆ. ಕ್ಯಾಮೆರಾ ಜಿಗಿಜಿಗಿದು ಹತ್ತಿರ ಹೋಗಿ ಆ ಮುಖವನ್ನು ಪರದೆ ತುಂಬ ತೋರಿಸುತ್ತದೆ. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ. ಬರೀ ಮೌನ. ನೋಡಿ, ಹೆದರಿ, ಆಯಿತಾ? ಈಗ ಮುಂದಿನದ್ದು ನೋಡಿ ಅನ್ನುವ ಹಾಗಿದೆ.

ಮುಂದಿನದ್ದು ಏನು? ಹೆನ್ರಿ ಚಾವಣಿಯ ಕಿಂಡಿ ತೆಗೆಯುತ್ತಾನೆ. ಬೆಳಕು ಬೀಳುತ್ತದೆ. ರಾಕ್ಷಸ ತಲೆ ಎತ್ತಿ, ಎರಡೂ ಕೈ ಚಾಚಿ, ಬೆಳಕನ್ನು ಹಿಡಿಯಲು ನೋಡುತ್ತಾನೆ. ಕಿಂಡಿ ಮುಚ್ಚುತ್ತದೆ. ಕೈಗಳು ಹಾಗೇ ಬೇಡುತ್ತ ಉಳಿಯುತ್ತವೆ. ಕಾದಂಬರಿಯಲ್ಲಿ ಪುಟಗಟ್ಟಲೆ ಮಾತಿನಲ್ಲಿ ಬರುವುದನ್ನು ಬೋರಿಸ್ ಕಾರ್ಲಾಫ್ ಎಂಬ ನಟ ಎರಡು ಅಂಗೈಗಳಲ್ಲಿ ತಂದುಬಿಡುತ್ತಾನೆ. ಸಿನಿಮಾದ ರಾಕ್ಷಸನನ್ನೂ ‘ಅದು’ ಅನ್ನದೆ ‘ಅವನು’ ಅನ್ನಲು ನನಗೆ ಮನಸ್ಸು ಬಂದದ್ದು ಈ ದೃಶ್ಯದಲ್ಲೇ ಇರಬೇಕು.

ಆ ಮುಖದ ಬಗ್ಗೆ ಒಂದು ಮಾತು. ಚಪ್ಪಟೆ ತಲೆ, ಕತ್ತಿನ ಎರಡೂ ಬದಿ ಲೋಹದ ತುಂಡು, ಜೋತುಬಿದ್ದ ರೆಪ್ಪೆ, ಇದೆಲ್ಲ ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್ ಮಾಡಿದ್ದು. ಮಿದುಳು ಇಡಬೇಕಾದರೆ ತಲೆಬುರುಡೆಯನ್ನು ಡಬ್ಬಿಯ ಮುಚ್ಚಳದಂತೆ ಕೊಯ್ದಿರಬೇಕು ಎಂಬ ಯೋಚನೆಯಿಂದ ಬಂದ ಚಪ್ಪಟೆ ಅದು. ಕತ್ತಿನ ತುಂಡುಗಳು ವಿದ್ಯುತ್ ಹಾಯಿಸುವ ಜಾಗ. ಕಾರ್ಲಾಫ್ ತನ್ನ ಕಟ್ಟಿಸಿದ ಹಲ್ಲನ್ನು ತೆಗೆದು ಒಂದು ಕೆನ್ನೆ ಒಳಗೆ ಎಳೆದುಕೊಂಡ. ಕಾದಂಬರಿಯ ಜೀವಿಗೆ ಇದು ಯಾವುದೂ ಇಲ್ಲ. ಅವನು ಎಂಟು ಅಡಿ ಎತ್ತರ. ಹೊಳೆಯುವ ಕಪ್ಪು ಕೂದಲು, ಮುತ್ತಿನಂಥ ಹಲ್ಲು, ಒಳಗಿನ ಸ್ನಾಯು ಕಾಣುವಷ್ಟು ತೆಳುವಾದ ಹಳದಿ ಚರ್ಮ. ವಿಕ್ಟರ್ ಒಂದೊಂದು ಅಂಗವನ್ನೂ ಚೆಂದ ನೋಡಿಯೇ ಆರಿಸಿದ್ದ. ಬಿಡಿಬಿಡಿಯಾಗಿ ಚೆಂದ, ಸೇರಿದಾಗ ವಿಕಾರ. ಓದುಗ ಇದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳಲು ಹೋಗಿ ಸೋಲುತ್ತಾನೆ. ಆ ಸೋಲೇ ಭಯ. ಸಿನಿಮಾಕ್ಕೆ ಆ ಸೌಕರ್ಯ ಇಲ್ಲ, ಏನಾದರೊಂದು ತೋರಿಸಲೇಬೇಕು.

ಜೀವ ಬರುವ ದೃಶ್ಯವೂ ಹೀಗೇ. ಕಾದಂಬರಿಯಲ್ಲಿ ಅದು ಒಂದು ಪ್ಯಾರಾ ಕೂಡ ಪೂರ್ತಿ ಇಲ್ಲ. ಮಳೆ ಕಿಟಕಿಗೆ ಬಡಿಯುತ್ತಿದೆ, ಮೇಣದ ಬತ್ತಿ ಮುಗಿಯುತ್ತಿದೆ, ಹಳದಿ ಕಣ್ಣೊಂದು ತೆರೆಯುತ್ತದೆ. ಹೇಗೆ ಮಾಡಿದೆ ಎಂದು ವಿಕ್ಟರ್ ಹೇಳುವುದೇ ಇಲ್ಲ, ಬೇಕೆಂದೇ. ‘ಕಿಡಿ’ ಎಂಬ ಒಂದು ಪದ ಇದೆ, ಅಷ್ಟೆ. ಆ ಪದಕ್ಕೆ ಹಿನ್ನೆಲೆ ಇದೆ: ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಅದುರುವುದನ್ನು ಇಟಲಿಯ ಗ್ಯಾಲ್ವಾನಿ ತೋರಿಸಿದ್ದ. ಅವನ ಸೋದರಳಿಯ ಆಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದ ಒಬ್ಬನ ಹೆಣದ ಮೇಲೆ ಅದೇ ಪ್ರಯೋಗ ಮಾಡಿದ. ಹೆಣದ ದವಡೆ ನಡುಗಿತು, ಒಂದು ಕಣ್ಣು ತೆರೆಯಿತು. ಸಿನಿಮಾ ಆ ಒಂದು ಕಿಡಿಯನ್ನು ಹಿಡಿದು ದೊಡ್ಡ ಸಿಡಿಲು ಮಾಡಿತು. ಗೋಪುರ, ಗುಡುಗು, ಚಕ್ರಗಳು, ಚಟಪಟ ಹಾರುವ ವಿದ್ಯುತ್. ನೋಡಲು ಕುರ್ಚಿಯಲ್ಲಿ ಮೂವರು ಕೂತಿದ್ದಾರೆ. ಒಳ್ಳೆ ದೃಶ್ಯ ಅಲ್ವಾ ಎಂದು ಹೆನ್ರಿಯೇ ಅವರನ್ನು ಕೇಳುತ್ತಾನೆ. ಗುಟ್ಟಾಗಿ, ಒಬ್ಬನೇ, ನಾಚಿಕೆಯಿಂದ ಮಾಡಿದ ಕೆಲಸ ಇಲ್ಲಿ ಪ್ರದರ್ಶನ ಆಗಿದೆ.

ತಪ್ಪು ಯಾರದು

ಮಾತು ಹೋದ ಮೇಲೆ ಇನ್ನೊಂದು ಸಮಸ್ಯೆ ಎದುರಾಗುತ್ತದೆ. ಕಾದಂಬರಿಯ ಜೀವಿ ತಾನು ಯಾಕೆ ಕೆಟ್ಟವನಾದೆ ಎಂದು ತಾನೇ ವಿವರಿಸುತ್ತಾನೆ: ನಾನು ಒಳ್ಳೆಯವನಾಗಿದ್ದೆ, ದುಃಖ ನನ್ನನ್ನು ರಾಕ್ಷಸ ಮಾಡಿತು. ಮೂಕನಾದವನು ಅದನ್ನು ಹೇಳುವುದು ಹೇಗೆ? ಸಿನಿಮಾ ಒಂದು ಸುಲಭದ ದಾರಿ ಹಿಡಿಯಿತು. ಫ್ರಿಟ್ಜ್ ಒಳ್ಳೆಯ ಮಿದುಳನ್ನು ಕದಿಯಲು ಹೋಗಿ, ಸದ್ದಿಗೆ ಬೆಚ್ಚಿ, ಗಾಜಿನ ಪಾತ್ರೆ ಬೀಳಿಸುತ್ತಾನೆ. ಪಕ್ಕದಲ್ಲಿದ್ದ ಅಪರಾಧಿಯ ಮಿದುಳನ್ನು ಎತ್ತಿಕೊಂಡು ಬರುತ್ತಾನೆ. ಸಾಮಾನು ಸರಿ ಇರಲಿಲ್ಲ, ಹಾಗಾಗಿ ಕೆಟ್ಟಿತು!

ಇದು ಸಿನಿಮಾದ ಅತಿ ದುರ್ಬಲ ಎಳೆ ಎಂಬುದು ನನ್ನ ಅಭಿಪ್ರಾಯ. ಮೇರಿ ಶೆಲ್ಲಿಯ ಪ್ರಶ್ನೆಯನ್ನೇ ಅದು ಕಿತ್ತುಹಾಕುತ್ತದೆ. ಹುಟ್ಟಿನಿಂದಲೇ ಕೆಟ್ಟ ಮಿದುಳು ಎಂದರೆ ಸಾಕಿದವನ ಹೊಣೆ ಏನೂ ಇಲ್ಲ. ತಮಾಷೆ ಏನೆಂದರೆ, ಸಿನಿಮಾವೇ ಇದನ್ನು ನಂಬಿದಂತೆ ಕಾಣುವುದಿಲ್ಲ. ಕಾರ್ಲಾಫ್ ಎಲ್ಲೂ ಅಪರಾಧಿಯ ಹಾಗೆ ನಡೆದುಕೊಳ್ಳುವುದಿಲ್ಲ. ಫ್ರಿಟ್ಜ್ ಉರಿಯುವ ಪಂಜು ತೋರಿಸಿ ಹಿಂಸಿಸಿದಾಗ ಅವನು ಹೆದರುತ್ತಾನೆ, ಆಮೇಲೆ ಫ್ರಿಟ್ಜ್‌ನನ್ನು ಕೊಲ್ಲುತ್ತಾನೆ. ತನ್ನನ್ನು ಕತ್ತರಿಸಿ ನೋಡಲು ಮಲಗಿಸಿದ ಪ್ರೊಫೆಸರನ್ನು ಕೊಲ್ಲುತ್ತಾನೆ. ಯಾರಾದರೂ ಹಾಗೇ ಮಾಡಿಯಾರು. ಚಿತ್ರಕತೆ ಒಂದು ಹೇಳುತ್ತದೆ, ನಟನ ಮೈ ಇನ್ನೊಂದು ಹೇಳುತ್ತದೆ. ನಾವು ನಂಬುವುದು ಮೈಯನ್ನು.

ಮಾಡಿದವನ ತಪ್ಪೂ ಬೇರೆಬೇರೆ. ಸಿನಿಮಾ ಶುರುವಾಗುವ ಮುಂಚೆ ಒಬ್ಬ ನಟ ಪರದೆಯ ಮುಂದೆ ಬಂದು, ದೇವರನ್ನು ಲೆಕ್ಕಕ್ಕೆ ಇಡದೆ ಮನುಷ್ಯನನ್ನು ಮಾಡಲು ಹೋದವನ ಕತೆ ಇದು ಎಂದು ಎಚ್ಚರಿಸುತ್ತಾನೆ. ದೇವರಾಗುವುದು ಹೇಗಿರುತ್ತದೆ ಎಂದು ಈಗ ನನಗೆ ಗೊತ್ತು ಎಂದು ಹೆನ್ರಿ ಕೂಗುವ ಮಾತನ್ನು ಮುಂದೆ ಸೆನ್ಸಾರ್ ಕಾಟದಿಂದ ಗುಡುಗಿನ ಸದ್ದಿನಲ್ಲಿ ಮುಚ್ಚಿದರು. ಅಂದರೆ ಇಲ್ಲಿ ತಪ್ಪು ಮಾಡಿದ್ದರಲ್ಲಿ ಇದೆ. ಕಾದಂಬರಿಯಲ್ಲಿ ಮಾಡಿದ್ದಕ್ಕಿಂತ ದೊಡ್ಡ ತಪ್ಪು ಬಿಟ್ಟು ಓಡಿದ್ದು. ಮೇರಿಯ ಬದುಕು ಗೊತ್ತಿದ್ದರೆ ಇದು ಇನ್ನೂ ಚುಚ್ಚುತ್ತದೆ. ಅವಳು ಹುಟ್ಟಿ 11 ದಿನಕ್ಕೆ ಅಮ್ಮ ತೀರಿಕೊಂಡಳು. 1815ರಲ್ಲಿ ದಿನ ತುಂಬದೆ ಹುಟ್ಟಿದ ತನ್ನ ಮಗುವನ್ನು ಕೆಲವೇ ದಿನಗಳಲ್ಲಿ ಕಳೆದುಕೊಂಡಳು. ಆ ಮಗು ಬರೀ ತಣ್ಣಗಾಗಿತ್ತು, ಬೆಂಕಿಯ ಮುಂದೆ ಉಜ್ಜಿದೆವು, ಬದುಕಿತು ಎಂದು ಕನಸು ಕಂಡದ್ದನ್ನು ದಿನಚರಿಯಲ್ಲಿ ಬರೆದಿದ್ದಾಳೆ. ಮುಂದಿನ ವರ್ಷ ಬರೆಯಲು ಕೂತದ್ದು ಈ ಕಾದಂಬರಿ.

ನೀರಿನ ದಂಡೆಯ ಹುಡುಗಿ

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಒಂದೇ ದೃಶ್ಯ ಆರಿಸು ಅಂದರೆ ನಾನು ಇದನ್ನು ಆರಿಸುತ್ತೇನೆ.

ಕಾದಂಬರಿಯಲ್ಲಿ, ಡಿ ಲೇಸಿ ಸಂಸಾರ ಕೈಬಿಟ್ಟ ಮೇಲೆ, ಜೀವಿ ಕಾಡಿನಲ್ಲಿ ಹೋಗುತ್ತಿರುವಾಗ ಒಬ್ಬ ಹುಡುಗಿ ಕಾಲು ಜಾರಿ ಹೊಳೆಗೆ ಬೀಳುತ್ತಾಳೆ. ಅವನು ಸೆಳವಿನೊಳಗೆ ನುಗ್ಗಿ ಅವಳನ್ನು ಎಳೆದು ತರುತ್ತಾನೆ. ಪ್ರಜ್ಞೆ ಬರಿಸಲು ಒದ್ದಾಡುತ್ತಾನೆ. ಅಷ್ಟರಲ್ಲಿ ಅವಳ ಜೊತೆಯವನು ಬಂದು ನೋಡುತ್ತಾನೆ, ಅವಳನ್ನು ಕಿತ್ತುಕೊಳ್ಳುತ್ತಾನೆ, ಗುಂಡು ಹಾರಿಸುತ್ತಾನೆ. ಉಳಿಸಿದ್ದಕ್ಕೆ ಸಿಕ್ಕಿದ್ದು ಭುಜದಲ್ಲಿ ಗುಂಡು. ಆಮೇಲೆ ಪುಟ್ಟ ವಿಲಿಯಂ ಸಿಗುತ್ತಾನೆ. ಮಕ್ಕಳಿಗೆ ಚೆಂದ ವಿಕಾರದ ಭೇದ ಇರಲಾರದು, ಇವನನ್ನು ಗೆಳೆಯನಾಗಿ ಬೆಳೆಸುತ್ತೇನೆ ಎಂದು ಹಿಡಿದುಕೊಳ್ಳುತ್ತಾನೆ. ಮಗು ಕಿರುಚುತ್ತದೆ, ರಾಕ್ಷಸ ಅನ್ನುತ್ತದೆ, ಅಪ್ಪನ ಹೆಸರು ಹೇಳುತ್ತದೆ. ಆ ಹೆಸರು ಫ್ರಾಂಕೆನ್‌ಸ್ಟೈನ್. ಅಲ್ಲಿಗೆ ಮುಗಿಯಿತು.

ಸಿನಿಮಾದಲ್ಲಿ ಮಾರಿಯಾ ಎಂಬ ಪುಟ್ಟ ಹುಡುಗಿ ಕೆರೆಯ ದಂಡೆಯಲ್ಲಿ ಒಬ್ಬಳೇ ಆಡುತ್ತಿದ್ದಾಳೆ. ರಾಕ್ಷಸ ಬರುತ್ತಾನೆ. ಇಡೀ ಸಿನಿಮಾದಲ್ಲಿ ಅವನನ್ನು ನೋಡಿ ಹೆದರದವಳು ಇವಳೊಬ್ಬಳೇ. ಕೈ ಹಿಡಿದು ಕರೆದು ಕೂರಿಸುತ್ತಾಳೆ. ಹೂ ಕೊಡುತ್ತಾಳೆ. ಅವನು ನಗುತ್ತಾನೆ. ಹೂಗಳನ್ನು ನೀರಿಗೆ ಎಸೆದರೆ ದೋಣಿಯ ಹಾಗೆ ತೇಲುತ್ತವೆ ಎಂದು ತೋರಿಸಿಕೊಡುತ್ತಾಳೆ. ಅವನೂ ಎಸೆಯುತ್ತಾನೆ. ಹೂ ಮುಗಿಯುತ್ತದೆ. ಖಾಲಿ ಕೈ ನೋಡಿಕೊಳ್ಳುತ್ತಾನೆ. ಆಮೇಲೆ ಅವಳನ್ನು ಎತ್ತಿ ಎಸೆಯುತ್ತಾನೆ, ಅವಳೂ ತೇಲುತ್ತಾಳೆ ಅಂದುಕೊಂಡು.

ಎಂಥ ತಿರುವು ನೋಡಿ. ಪುಸ್ತಕದಲ್ಲಿ ನೀರಿಂದ ಎತ್ತಿದವನು ಇಲ್ಲಿ ನೀರಿಗೆ ಹಾಕುತ್ತಾನೆ. ಪುಸ್ತಕದ ಮಗು ಅವನ ನಂಬಿಕೆ ಸುಳ್ಳು ಮಾಡುತ್ತದೆ. ಸಿನಿಮಾದ ಮಗು ಅದನ್ನು ನಿಜ ಮಾಡುತ್ತದೆ, ಅದಕ್ಕೇ ಸಾಯುತ್ತದೆ. ಕುರುಡ ಮುದುಕ ಮಾಡಬೇಕಾದ ಕೆಲಸವನ್ನು ವೇಲ್ ಒಬ್ಬ ಹುಡುಗಿಗೆ ಕೊಟ್ಟ. ಕಣ್ಣಿದ್ದೂ ಅಸಹ್ಯಪಡದವಳು ಬೇಕಿತ್ತು. ಕಾದಂಬರಿಯ ಒಂದು ಪುಟವನ್ನೂ ಇದು ಅನುಸರಿಸುವುದಿಲ್ಲ. ಆದರೂ ಮೇರಿ ಶೆಲ್ಲಿಗೆ ಇಷ್ಟು ಹತ್ತಿರ ಬರುವ ದೃಶ್ಯ ಈ ಸಿನಿಮಾದಲ್ಲಿ ಇನ್ನೊಂದಿಲ್ಲ.

ಮುಂದೆ ಈ ದೃಶ್ಯಕ್ಕೆ ಕತ್ತರಿ ಬಿತ್ತು. ದಶಕಗಟ್ಟಲೆ ಜನ ನೋಡಿದ್ದು, ರಾಕ್ಷಸ ಹುಡುಗಿಯ ಕಡೆ ಕೈ ಚಾಚುವ ತನಕ ಮಾತ್ರ. ಆಮೇಲೆ ನೇರ, ಅಪ್ಪ ಮಗಳ ಹೆಣ ಹೊತ್ತು ಊರೊಳಗೆ ನಡೆದು ಬರುವುದು. ನಡುವೆ ಏನಾಯಿತು ಎಂದು ಪ್ರೇಕ್ಷಕ ತಾನೇ ಊಹಿಸಬೇಕು. ಊಹೆ ಎಷ್ಟು ಕೆಟ್ಟದ್ದಕ್ಕೆ ಹೋಗಬಹುದು ಎಂದು ಹೇಳಬೇಕಾಗಿಲ್ಲ. ಕ್ರೌರ್ಯ ಕಡಿಮೆ ಮಾಡಲು ಹೋದ ಕತ್ತರಿ, ತಿಳಿಯದೆ ಮಾಡಿದ ತಪ್ಪನ್ನು ಬೇಕೆಂದು ಮಾಡಿದ ಪಾಪದಂತೆ ತೋರಿಸಿತು. 1980ರ ದಶಕದಲ್ಲಿ ಆ ತುಣುಕನ್ನು ಮತ್ತೆ ಸೇರಿಸಿದರು.

ಕೊನೆಯ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಸಿನಿಮಾದಲ್ಲಿ ಊರವರು ಪಂಜು ಹಿಡಿದು ಅಟ್ಟಿಸಿಕೊಂಡು ಹೋಗಿ ಗಾಳಿಯಂತ್ರದ ಜೊತೆ ರಾಕ್ಷಸನನ್ನು ಸುಡುತ್ತಾರೆ. ಹೆನ್ರಿ ಬದುಕುತ್ತಾನೆ. ಮನೆಯಲ್ಲಿ ಅವನಪ್ಪ ಗ್ಲಾಸ್ ಎತ್ತಿ ಶುಭ ಹಾರೈಸುವುದರೊಂದಿಗೆ ಸಿನಿಮಾ ಮುಗಿಯುತ್ತದೆ. ತೀರಾ ತೇಪೆ ಹಚ್ಚಿದಂತಿದೆ. ಪುಸ್ತಕದಲ್ಲಿ ವಿಕ್ಟರ್ ಸಾಯುತ್ತಾನೆ. ಚಿತೆ ಹೊತ್ತಿಸಿಕೊಂಡು ಸುಟ್ಟುಹೋಗುತ್ತೇನೆ ಎಂದು ಹೇಳಿದ ಜೀವಿ ಹಡಗಿನ ಕಿಟಕಿಯಿಂದ ಮಂಜುಗಡ್ಡೆಯ ಮೇಲೆ ಜಿಗಿದು ಕತ್ತಲಲ್ಲಿ ಮರೆಯಾಗುತ್ತಾನೆ. ಹೇಳಿದ ಹಾಗೆ ಮಾಡಿದನಾ? ವಾಲ್ಟನ್ ನೋಡಲಿಲ್ಲ, ನಾವೂ ನೋಡಲಿಲ್ಲ. ಅವನ ಮಾತೊಂದೇ ಆಧಾರ, ಕೊನೆಯ ಸಲವೂ.

ವೇಲ್‌ಗೂ ಆ ಕುರುಡ ಮುದುಕ ಕಾಡುತ್ತಿದ್ದ ಅಂತ ಕಾಣುತ್ತದೆ. 1935ರಲ್ಲಿ ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್ ಮಾಡಿದಾಗ ಅವನನ್ನು ಪಿಟೀಲು ಬಾರಿಸುವ ಒಂಟಿ ಸನ್ಯಾಸಿಯಾಗಿ ವಾಪಸ್ ತಂದ. ಅವನ ಗುಡಿಸಲಿನಲ್ಲಿ ರಾಕ್ಷಸ ಮೊದಲ ಸಲ ಮಾತು ಕಲಿಯುತ್ತಾನೆ. ರೊಟ್ಟಿ, ಗೆಳೆಯ, ಒಳ್ಳೆಯದು, ಹೀಗೆ ಬಿಡಿ ಪದಗಳು. ನಾಲ್ಕು ವರ್ಷ ತಡವಾಗಿ ಬಂದ ಮಾತು.

ಯಾವುದನ್ನು ಮೊದಲು ಹಿಡಿಯಬೇಕು ಎಂದು ಕೇಳುವವರಿದ್ದಾರೆ. ಪುಸ್ತಕ ಮೊದಲು. ಸಿನಿಮಾ ಸುಮಾರು 70 ನಿಮಿಷ, ಯಾವಾಗ ಬೇಕಾದರೂ ನೋಡಬಹುದು. ಆದರೆ ಒಮ್ಮೆ ಕಾರ್ಲಾಫ್‌ನ ಚಪ್ಪಟೆ ತಲೆ ಕಣ್ಣಿಗೆ ಬಿದ್ದರೆ ಮತ್ತೆ ಅಳಿಸಲು ಆಗುವುದಿಲ್ಲ. ಮೇರಿ 1831ರಲ್ಲಿ ತಿದ್ದಿದ ಆವೃತ್ತಿಯೇ ಅಂಗಡಿಯಲ್ಲಿ ಜಾಸ್ತಿ ಸಿಗುತ್ತದೆ. ಅದರಲ್ಲಿ 11ರಿಂದ 16ನೇ ಅಧ್ಯಾಯದವರೆಗೆ ಜೀವಿಯದೇ ಮಾತು. ಸಾಧ್ಯವಾದರೆ ಆ ಆರು ಅಧ್ಯಾಯ ನೀವು ಓದಬೇಡಿ. ಯಾರಿಂದಲಾದರೂ ಜೋರಾಗಿ ಓದಿಸಿ, ಕಣ್ಣು ಮುಚ್ಚಿ ಕೇಳಿ.